ಭಾನುವಾರದ ಬ್ರಂಚಿನಲ್ಲಿ ಸಸ್ಯಾಹಾರಿಗಳು ಏನು ತರಿಸಿಕೊಳ್ಳಬೇಕು?

ಪ್ರಶ್ನೆ: ಮೈಸೂರಿನಿಂದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಹತ್ತಿರದ ಮೆಡಿಟರೇನಿಯನ್ ರೆಸ್ಟೋರೆಂಟಿಗೆ ಭಾನುವಾರ ಬ್ರಂಚಿಗೆಂದು (ತಿಂಡಿ, ಊಟ ಎರಡೂ ಸೇರಿದ ತಡಬೆಳಗಿನ ಊಟಕ್ಕೆ) ಹೋದಾಗ ಮುಕ್ಕಾಲು ಗಂಟೆ ಬಾಗಿಲಲ್ಲೇ ಕಾದೆವು. ಮೆನುವಿನ ಹೆಸರುಗಳು ತಿಳಿಯದೆ, ಮೊಟ್ಟೆಯನ್ನೂ ಮುಟ್ಟದ ನಾನು ಬರೀ ಬ್ರೆಡ್ಡು, ಕಾಫಿಯಲ್ಲಿ ಮುಗಿಸಿದೆ. ನಮ್ಮ ಯಜಮಾನರು ಮೊಟ್ಟೆ ತಿನ್ನುತ್ತಾರೆ. ಮಗಳು ಮತ್ತೆ ಕರೆಯುತ್ತಿದ್ದಾಳೆ. ಏನು ಮಾಡಲಿ?
— ಓದುಗರೊಬ್ಬರು

ಉತ್ತರ: ಖಂಡಿತ ಹೋಗಿ. ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದ ಅಡುಗೆಯಷ್ಟು ನಮ್ಮ ನಾಲಗೆಗೆ ಹತ್ತಿರವಾದ ಪರದೇಶದ ಅಡುಗೆ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಲೆಬನಾನ್, ಸಿರಿಯಾ, ತುರ್ಕಿಗಳ ಮನೆಗಳಲ್ಲಿ ಕಡಲೆ, ಎಳ್ಳು, ಬದನೆಕಾಯಿ, ಮೊಸರು, ಗೋಧಿ ನುಚ್ಚು ನಿತ್ಯದ ಸಾಮಗ್ರಿಗಳು.

ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ತರಿಸುವ ಬದಲು, ಮೆಜೆ ಎಂದು ಕರೆಯುವ ಸಣ್ಣ ತಟ್ಟೆಗಳನ್ನು ಮೇಜಿನ ನಡುವೆ ಇರಿಸಿಕೊಂಡು ಹಂಚಿಕೊಂಡು ತಿನ್ನಿ. ಬೆಂದ ಕಾಬೂಲ್ ಕಡಲೆಯನ್ನು ಎಳ್ಳಿನ ಪೇಸ್ಟು, ನಿಂಬೆರಸ, ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ಅರೆದದ್ದು ಹಮ್ಮಸ್; ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು ಲಬ್ನೆ. ಲಬ್ನೆಯ ಮೇಲೆ ಆಲಿವ್ ಎಣ್ಣೆ ಸುರಿದು, ಒಣಗಿದ ಸೊಪ್ಪು, ಎಳ್ಳು, ಹುಳಿಯಾದ ಸುಮ್ಮಾಕ್ ಹಣ್ಣು ಸೇರಿದ ಝಾತರ್ ಪುಡಿಯನ್ನು ಉದುರಿಸಿರುತ್ತಾರೆ. ಬಿಸಿ ಪೀಟಾ ರೊಟ್ಟಿಯ ಚೂರನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟಾಗ, ಚಟ್ನಿಪುಡಿಗೆ ಎಣ್ಣೆ ಕಲಸಿ ತಿಂದ ಬೆಳಗುಗಳು ನಿಮಗೆ ನೆನಪಾಗದಿರಲಾರವು. ಹೊಟ್ಟೆ ತುಂಬಲು ಮುಜದ್ದರ ಕೇಳಿ. ಅಕ್ಕಿ, ಮಸೂರ್ ಕಾಳುಗಳನ್ನು ಒಟ್ಟಿಗೆ ಬೇಯಿಸಿ, ಕಂದುಬಣ್ಣಕ್ಕೆ ಬರುವಷ್ಟು ಹುರಿದ ಈರುಳ್ಳಿಯನ್ನು ಮೇಲೆ ಹರಡಿದ ಅನ್ನವದು.

ಯಜಮಾನರಿಗೆ ಶಕ್ಷೂಕಾ ಇಷ್ಟವಾಗಬಹುದು. ಟ್ಯುನೀಶಿಯಾ ಕಡೆಯ ಈ ತಿನಿಸಿನಲ್ಲಿ, ಜೀರಿಗೆ ಹಾಕಿ ಕುದಿಸಿದ ಟೊಮೆಟೊ ಗೊಜ್ಜಿಗೆ ಮೊಟ್ಟೆಗಳನ್ನು ಒಡೆದು ಹಾಕಿ, ಹಳದಿ ಭಾಗ ಇನ್ನೂ ಮೆತ್ತಗಿರುವಾಗಲೇ ಬಾಣಲೆಯ ಸಮೇತ ತಂದಿಡುತ್ತಾರೆ. ಬಾಣಲೆಯ ಹಿಡಿ ಸುಡುತ್ತಿರುತ್ತದೆ, ಮುಟ್ಟದಂತೆ ಅವರಿಗೆ ಹೇಳಿ.

ಮುಖ್ಯವಾದ ಮಾತೊಂದಿದೆ. ಅಮೆರಿಕದಲ್ಲಿ ಕೇವಲ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಸೇರಿಯೇ ಇರುತ್ತದೆ. ಆದುದರಿಂದ ಮೊಟ್ಟೆ, ಮಾಂಸ, ಮೀನು, ಕೋಳಿಯ ಸ್ಟಾಕ್ (ಕೋಳಿ ಬೇಯಿಸಿ ಬಸಿದ ಸಾರು) ಯಾವುದೂ ಬೇಡವೆಂದು ಬಿಡಿಸಿ ಹೇಳಬೇಕು. ಬೇಳೆಯ ಸೂಪನ್ನೂ ಪಲಾವಿನಂಥ ಪಿಲಾಫನ್ನೂ ಕೋಳಿಯ ಸ್ಟಾಕಿನಲ್ಲಿ ಬೇಯಿಸುವುದುಂಟು. ಹಲ್ಲೂಮಿ, ಫೆಟಾ ಚೀಸುಗಳನ್ನು ಸಾಂಪ್ರದಾಯಿಕವಾಗಿ ಕರು, ಕುರಿಮರಿಗಳ ಜಠರದಿಂದ ತೆಗೆದ ರೆನೆಟ್ಟಿನಿಂದ ಹೆಪ್ಪುಗಟ್ಟಿಸುತ್ತಾರೆ. ಸಸ್ಯಜನ್ಯ ರೆನೆಟ್ ಬಳಸಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ದ್ರಾಕ್ಷಿ ಎಲೆಯ ಡೋಲ್ಮಾವನ್ನು ತಣ್ಣಗೆ ಬಡಿಸಿದರೆ ಸಾಮಾನ್ಯವಾಗಿ ಬರೀ ಅನ್ನದ ಹೂರಣ, ಬಿಸಿಯಾಗಿ ಬಡಿಸಿದರೆ ಹೆಚ್ಚಾಗಿ ಮಾಂಸದ್ದು.

ಕಾಯುವ ವಿಷಯ. ಭಾನುವಾರ ಹನ್ನೊಂದರಿಂದ ಒಂದರವರೆಗೆ ನೂಕುನುಗ್ಗಲು, ಹೀಗಾಗಿ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ, ಮತ್ತು ಎಲ್ಲರೂ ಒಟ್ಟಿಗೆ ಹೋಗಿ. ಜೊತೆಯವರೆಲ್ಲ ಬರುವವರೆಗೆ ಅನೇಕ ಕಡೆ ಮೇಜು ಕೊಡುವುದಿಲ್ಲ. ಬಿಲ್ಲಿನ ಮೇಲೆ ನೂರಕ್ಕೆ 18ರಿಂದ 20ರಷ್ಟು ಟಿಪ್ಸ್ ಇಡುವುದು ಅಲ್ಲಿಯ ರೂಢಿ. ದೊಡ್ಡ ಗುಂಪಾದರೆ ಅದನ್ನು ಮೊದಲೇ ಸೇರಿಸಿರಬಹುದು, ಕೊಡುವ ಮುನ್ನ ಮಗಳು ಒಮ್ಮೆ ನೋಡಲಿ.