ಬೀಚ್ ಮರಗಳ ಬೆಟ್ಟಕ್ಕೆ ಎರಡು ಗಂಟೆ: ಜಾಮೊಶ್ಚ್ ಬಳಿಯ ಕಾಡಿನ ಬಗ್ಗೆ ಓದುಗರ ಪ್ರಶ್ನೆಗಳು

ಪೋಲೆಂಡಿನ ಆಗ್ನೇಯ ಮೂಲೆಯಲ್ಲಿರುವ ಜಾಮೊಶ್ಚ್ ಊರನ್ನು 1580ರಲ್ಲಿ ಯಾನ್ ಜಾಮೊಯ್ಸ್ಕಿ ಕಟ್ಟಿಸಿದ. ನಕ್ಷೆ ಹಾಕಿದವನು ಇಟಲಿಯ ಬೆರ್ನಾರ್ದೊ ಮೊರಾಂದೊ. 1992ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ದೊಡ್ಡ ಚೌಕ, ಬಣ್ಣದ ಅರ್ಮೇನಿಯನ್ ಮನೆಗಳು, ಕೋಟೆ ನೋಡಿ ಅಲ್ಲಿಂದಲೇ ಹಿಂದಿರುಗುವವರು ಬಹಳ. ಆದರೆ ಸುಮಾರು 30 ಕಿ.ಮೀ. ದೂರದ ಜ್ವೆಜಿನ್ಯೆತ್ಸ್ ಎಂಬ ಪುಟ್ಟ ಊರಿಗೆ ಅಂಟಿಕೊಂಡೇ ರೊಸ್ತೋಚೆ ರಾಷ್ಟ್ರೀಯ ಉದ್ಯಾನವಿದೆ. ಈ ಸಲದ ಪತ್ರಗಳೆಲ್ಲ ಆ ಕಾಡಿನ ಸುತ್ತಲೇ ಇವೆ.

ವಾರ್ಸಾದಲ್ಲಿ ಕೆಲಸದಲ್ಲಿದ್ದೇವೆ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪನಿಗೆ 67 ವರ್ಷ, ಮಂಡಿನೋವಿದೆ. ನಾಲ್ಕು ವರ್ಷದ ಮಗಳೂ ಇದ್ದಾಳೆ. ಎಲ್ಲರಿಗೂ ಆಗುವಂಥ ದಾರಿ ಯಾವುದು?

ಒಂದೇ ದಾರಿಯಲ್ಲಿ ಎಲ್ಲರನ್ನೂ ಕರೆದೊಯ್ಯಲು ಹೋಗಬೇಡಿ. ಉದ್ಯಾನದ ಮ್ಯೂಸಿಯಂ ಕಟ್ಟಡ ಜ್ವೆಜಿನ್ಯೆತ್ಸ್‌ನ ಅಂಚಿನಲ್ಲೇ ಇದೆ. ಅಲ್ಲಿಂದ ಎರಡು ದಾರಿ ಹೊರಡುತ್ತವೆ.

ಒಂದು, ಎಹೋ ಕೊಳಗಳ ಕಡೆಗೆ. ಪೈನ್ ಮರಗಳ ನಡುವೆ ಸಮತಟ್ಟಾದ, ಗಟ್ಟಿಯಾದ ದಾರಿ, ಹತ್ತಿಪ್ಪತ್ತು ನಿಮಿಷದ ನಡಿಗೆ. ಅಪ್ಪನವರಿಗೂ ಮಗಳಿಗೂ ಇದೇ ಸರಿ. ಕೊಳದ ದಂಡೆಯಲ್ಲಿ ಮರಳಿದೆ, ಬೇಸಿಗೆಯಲ್ಲಿ ಜನ ಈಜುತ್ತಾರೆ. ಕೊಳದ ಪಕ್ಕದಲ್ಲಿ ಬೇಲಿ ಹಾಕಿದ ರಕ್ಷಿತ ಜಾಗದಲ್ಲಿ ಕೋನಿಕ್ ಕುದುರೆಗಳಿವೆ. ಕೋನಿಕ್ ಅಂದರೆ ಪೋಲಿಷ್‌ನಲ್ಲಿ 'ಪುಟ್ಟ ಕುದುರೆ'. ಇಲಿಯ ಮೈಬಣ್ಣ, ಬೆನ್ನಿನ ಉದ್ದಕ್ಕೂ ಒಂದು ಕಪ್ಪು ಗೆರೆ. 1982ರಲ್ಲಿ ಇಲ್ಲಿಗೆ ತಂದ ಈ ತಳಿಯೇ ಉದ್ಯಾನದ ಲಾಂಛನ. ಅವು ಚಳಿಗಾಲದಲ್ಲೂ ಬಯಲಲ್ಲೇ ಇರುತ್ತವೆ, ಹಿಮವಿದ್ದಾಗಲೂ. ಬೇಲಿಯ ಹತ್ತಿರ ಬಂದರೂ ಬ್ರೆಡ್ಡು, ಕ್ಯಾರೆಟ್ಟು ಏನೂ ಕೊಡಬೇಡಿ. ಒಮ್ಮೆ ಕೈಯಿಂದ ತಿಂದು ರೂಢಿಯಾದ ಕುದುರೆ ಮುಂದಿನ ಸಲ ಮಗುವಿನ ಕೈಗೇ ಬಾಯಿ ಹಾಕುತ್ತದೆ. ಕುದುರೆಗಳು ಕಂಡೇ ಕಾಣುತ್ತವೆಂದು ಮಗಳಿಗೆ ಮಾತು ಕೊಡಬೇಡಿ; ಅವು ಕಾಡಿನೊಳಗಿದ್ದರೆ ಇಡೀ ದಿನ ಈಚೆ ಬರುವುದಿಲ್ಲ.

ಎರಡನೆಯದು ಬುಕೋವಾ ಗೂರಾ. ಬುಕ್ ಅಂದರೆ ಬೀಚ್ ಮರ, ಗೂರಾ ಅಂದರೆ ಬೆಟ್ಟ. ಎತ್ತರ 306 ಮೀಟರ್. ನೀವು ನಿಜಕ್ಕೂ ಏರುವುದು ಸುಮಾರು 80 ಮೀಟರ್ ಅಷ್ಟೇ. ದಾರಿ ಎರಡೂವರೆ ಕಿ.ಮೀ. ಆಸುಪಾಸು. ಮೊದಲು ಸಮತಟ್ಟು, ಆಮೇಲೆ ಮರದ ಮೆಟ್ಟಿಲು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಮಂಡಿನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಬೀಚ್ ಎಲೆಗಳು ಚಪ್ಪಟೆಯಾಗಿ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಮಳೆಯ ಮಾರನೆಯ ದಿನ ಮೇಲಿನ ಎಲೆ ಒಣಗಿದಂತೆ ಕಂಡರೂ ಕೆಳಗಿನದು ಒದ್ದೆಯಾಗಿಯೇ ಇದ್ದು, ಕಾಲಿಟ್ಟ ಕೂಡಲೇ ಪದರ ಜಾರುತ್ತದೆ. ಇಳಿಯುವಾಗ ಎಲೆ ಸರಿಸಿ ಕಾಲಿಡಿ, ಪಾದವನ್ನು ಸ್ವಲ್ಪ ಅಡ್ಡಕ್ಕಿಡಿ, ಕೈಯಲ್ಲೊಂದು ಊರುಗೋಲಿರಲಿ. ಅಡಿ ಸವೆದ ವಾಕಿಂಗ್ ಶೂ ಬೇಡ. ಮಗುವಿನ ತಳ್ಳುಗಾಡಿ ಇಲ್ಲಿ ಆಗುವುದಿಲ್ಲ.

ಬೇಗ ನಡೆಯುವವರು ಇದನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸಿ "ಏನೂ ಇರಲಿಲ್ಲ" ಎನ್ನುತ್ತಾರೆ. ನಮ್ಮ ಸಲಹೆ ಎರಡು ಗಂಟೆ. 1934ರಲ್ಲೇ ರಕ್ಷಿತ ಪ್ರದೇಶವಾದ ತುಂಡು ಇದು, ಉದ್ಯಾನ ಘೋಷಣೆಯಾದ 1974ಕ್ಕೂ ನಾಲ್ಕು ದಶಕ ಮುಂಚೆ. ಬೀಚ್ ಮತ್ತು ಫರ್ ಎರಡೂ ಮರಗಳು ತಮ್ಮ ಹರವಿನ ಈಶಾನ್ಯ ಅಂಚಿಗೆ ಬಂದು ನಿಲ್ಲುವ ಜಾಗವಿದು. ಫರ್‌ಗಳು 50 ಮೀಟರ್ ಮುಟ್ಟುವಷ್ಟು ಬೆಳೆದಿವೆ. ಮೆಟ್ಟಿಲು ಮುಗಿದ ಮೇಲೆ ನಿಂತು ನೋಡಿ. ನಯವಾದ ಬೂದು ತೊಗಟೆಯದು ಬೀಚ್. ಸೂಜಿಯೆಲೆಯದು ಫರ್ರೋ ಸ್ಪ್ರೂಸೋ ಎಂಬ ಅನುಮಾನ ಬಂದರೆ ಬಿದ್ದ ರೆಂಬೆಯಿಂದ ಒಂದೆಲೆ ತೆಗೆದು ತಿರುವಿ: ಫರ್ ಎಲೆ ಚಪ್ಪಟೆ, ಅಡಿಯಲ್ಲಿ ಎರಡು ಬಿಳಿ ಗೆರೆ. ಸ್ಪ್ರೂಸ್ ಎಲೆಯನ್ನು ಬೆರಳಲ್ಲಿ ಉರುಳಿಸಬಹುದು. ಫರ್‌ನ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ನಿಂತು ಅಲ್ಲೇ ಬಿಡಿಬಿಡಿಯಾಗಿ ಉದುರುವುದರಿಂದ ನೆಲದ ಮೇಲೆ ಇಡೀ ಕಾಯಿ ಸಿಗುವುದು ಅಪರೂಪ. ಮಗಳಿಗೆ ಹುಡುಕಲು ಹೇಳಿ.

ಬೆಟ್ಟದ ಆಚೆ ಮಗ್ಗುಲಲ್ಲಿ ಸೋಹಿ ಎಂಬ ಹಳ್ಳಿಯಿದೆ. 1943ರ ಜೂನ್ 1ರಂದು ಜರ್ಮನ್ ಪಡೆಗಳು ಈ ಹಳ್ಳಿಯನ್ನು ಸುಟ್ಟು, ಸುಮಾರು 200 ಜನರನ್ನು ಕೊಂದವು. ಸತ್ತವರ ಸಮಾಧಿಗಳು ಅಲ್ಲೇ ಇವೆ. ಹೋದರೆ ದನಿ ತಗ್ಗಿಸಿ ಹೋಗಿ.

ಲುಬ್ಲಿನ್‌ನಲ್ಲಿ ಓದುತ್ತಿದ್ದೇನೆ, ಕಾರಿಲ್ಲ. ಭಾನುವಾರ ಒಂದೇ ದಿನದಲ್ಲಿ ಹೋಗಿ ಬರಬಹುದೇ?

ಶನಿವಾರ ಹೋಗಿ. ಲುಬ್ಲಿನ್‌ನಿಂದ ಜಾಮೊಶ್ಚ್‌ಗೆ ಸುಮಾರು 90 ಕಿ.ಮೀ., ಮಿನಿಬಸ್ಸಿನಲ್ಲಿ ಒಂದೂವರೆ ಗಂಟೆ ಹಿಡಿಯಿರಿ. ಅಲ್ಲಿಂದ ಜ್ವೆಜಿನ್ಯೆತ್ಸ್‌ಗೆ ಇನ್ನೊಂದು ಬಸ್ಸು, ಮುಕ್ಕಾಲು ಗಂಟೆ. ಹೋಗುವುದು ಸಲೀಸು, ವಾಪಸ್ ಬರುವಾಗಲೇ ತೊಂದರೆ. ಬಸ್ ನಿಲ್ದಾಣದ ಹಲಗೆಯಲ್ಲಿ ಸಮಯದ ಪಕ್ಕ ಒಂದೊಂದು ಪುಟ್ಟ ಅಕ್ಷರವಿರುತ್ತದೆ. 'ಡಿ' ಇದ್ದರೆ ಆ ಬಸ್ಸು ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ, ರಜೆಯ ದಿನ ಇಲ್ಲ. 'ಎಸ್' ಇದ್ದರೆ ಶಾಲೆ ನಡೆಯುವ ದಿನ ಮಾತ್ರ. ಜುಲೈ, ಆಗಸ್ಟಿನಲ್ಲಿ ಅದನ್ನು ನಂಬಿ ಕೂತರೆ ಅಲ್ಲೇ ಉಳಿಯುತ್ತೀರಿ. ಕೂಡಿಸುವ ಚಿಹ್ನೆ ಇದ್ದರೆ ಭಾನುವಾರ ಮತ್ತು ಹಬ್ಬದ ದಿನ. ಇಳಿದ ಕೂಡಲೇ ವಾಪಸ್ ಬಸ್ಸಿನ ಹಲಗೆಯ ಫೋಟೊ ತೆಗೆದುಕೊಳ್ಳಿ. ಕೊನೆಯ ಬಸ್ಸಿಗೆ ಲೆಕ್ಕ ಹಾಕದೆ ಅದಕ್ಕಿಂತ ಒಂದು ಮುಂಚಿನದಕ್ಕೆ ಹಾಕಿ. ಭಾನುವಾರ ಹೋಗಲೇಬೇಕಾದರೆ ನೀರು, ತಿಂಡಿ ಶನಿವಾರವೇ ಕೊಂಡಿಡಿ, ಏಕೆಂದರೆ ಪೋಲೆಂಡಿನಲ್ಲಿ ಹೆಚ್ಚಿನ ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ.

ಮರದ ಮೇಲೆ ಕೆಂಪು ಪಟ್ಟೆ ಕಂಡು 'ಕಷ್ಟದ ದಾರಿ' ಎಂದುಕೊಂಡು ಹಿಂದಿರುಗಿದೆವು. ಹಾಗೆ ಮಾಡಿದ್ದು ಸರಿಯೇ? (ಕ್ರಾಕೋವ್)

ನಿಷ್ಕಾರಣವಾಗಿ ಹಿಂದಿರುಗಿದಿರಿ. ಪೋಲೆಂಡಿನ ಕಾಲುದಾರಿಗಳಲ್ಲಿ ಬಣ್ಣಕ್ಕೂ ಕಷ್ಟಕ್ಕೂ ಸಂಬಂಧವಿಲ್ಲ; ಸ್ಕೀಯಿಂಗ್ ಇಳಿಜಾರುಗಳ ನಿಯಮವನ್ನು ಇಲ್ಲಿಗೆ ತಂದು ಹಲವರು ಹೀಗೆಯೇ ಮೋಸಹೋಗುತ್ತಾರೆ. ಅಡ್ಡಕ್ಕೆ ಮೂರು ಪಟ್ಟೆ: ಮೇಲೆ ಕೆಳಗೆ ಬಿಳಿ, ನಡುವೆ ಬಣ್ಣ. ಕೆಂಪು, ನೀಲಿ, ಹಸಿರು, ಹಳದಿ, ಕಪ್ಪು, ಹೀಗೆ ಐದು. ಬಣ್ಣ ಹೇಳುವುದು ಇದು ಯಾವ ದಾರಿ ಎಂಬುದನ್ನಷ್ಟೇ. ಪಟ್ಟೆ ಮೂಲೆಯಂತೆ ಮುರಿದಿದ್ದರೆ ಅಲ್ಲಿ ತಿರುವಿದೆ. ಬಿಳಿ ವೃತ್ತದ ನಡುವೆ ಬಣ್ಣದ ಬೊಟ್ಟಿದ್ದರೆ ದಾರಿಯ ಆರಂಭ ಅಥವಾ ಕೊನೆ. ಬಿಳಿ ಚೌಕದಲ್ಲಿ ಓರೆಯಾಗಿ ಹಸಿರು ಪಟ್ಟೆ ಎಳೆದಿದ್ದರೆ ಅದು ನಿಸರ್ಗ ಪರಿಚಯದ ಕಿರುದಾರಿ. ಐದು ನಿಮಿಷ ನಡೆದರೂ ಮುಂದಿನ ಗುರುತು ಕಾಣದಿದ್ದರೆ, ಕೊನೆಯ ಗುರುತು ಕಂಡ ಮರಕ್ಕೆ ಹಿಂತಿರುಗಿ ಅಲ್ಲಿಂದ ನೋಡಿ. ಅಂದಾಜಿನ ಮೇಲೆ ಅಡ್ಡದಾರಿ ಹಿಡಿಯಬೇಡಿ. ರಾಷ್ಟ್ರೀಯ ಉದ್ಯಾನದಲ್ಲಿ ಗುರುತಿನ ದಾರಿ ಬಿಡುವುದು ಕಾನೂನಿನ ಪ್ರಕಾರವೂ ತಪ್ಪು.

ಜ್ವೆಜಿನ್ಯೆತ್ಸ್‌ನಿಂದ ಸುಶೆತ್ಸ್‌ವರೆಗಿನ ಕೆಂಪು ದಾರಿ ಹಲವು ದಿನಗಳ ನಡಿಗೆ, ನಿಜ. ಆದರೆ ಅದರ ಮೊದಲ ಎರಡು ಕಿ.ಮೀ. ನಡೆದು ಹಿಂದಿರುಗಲು ಯಾರ ಅಡ್ಡಿಯೂ ಇಲ್ಲ.

ಸಾಗರದಿಂದ ಬರೆಯುತ್ತಿದ್ದೇನೆ. ಮಗ ಪೋಲೆಂಡಿನಲ್ಲಿದ್ದಾನೆ, ವಾರವಾರ ಕಾಡು ಸುತ್ತುತ್ತಾನೆ. ಅಲ್ಲೂ ಉಣುಗಿನಿಂದ ಮಿದುಳು ಜ್ವರ ಬರುತ್ತದೆಂದು ಕೇಳಿದೆ. ಅದು ನಮ್ಮ ಮಂಗನ ಕಾಯಿಲೆಯೇ?

ಅಮ್ಮಾ, ನೀವು ಕೇಳಿದ್ದು ನಿಜ. ಎರಡೂ ಒಂದೇ ಅಲ್ಲ, ಆದರೆ ದಾಯಾದಿಗಳು. 1957ರಲ್ಲಿ ನಿಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್ಸೂ ಯುರೋಪಿನ ಉಣುಗಿನ ಮಿದುಳು ಜ್ವರದ ವೈರಸ್ಸೂ ಫ್ಲೇವಿವೈರಸ್ ಕುಲದ ಒಂದೇ ಗುಂಪಿಗೆ ಸೇರಿದವು. ಪೋಲೆಂಡಿನ ಈಶಾನ್ಯ ಮತ್ತು ಪೂರ್ವ ಭಾಗಗಳಲ್ಲಿ ಅದರ ಭಯ ಇದ್ದೇ ಇದೆ. ಅದಕ್ಕೆ ಲಸಿಕೆಯಿದೆ. ಮೊದಲ ಡೋಸಿನ ನಂತರ ಒಂದರಿಂದ ಮೂರು ತಿಂಗಳೊಳಗೆ ಎರಡನೆಯದು, ಆಮೇಲೆ ಮೂರನೆಯದು. ಮೂರನೆಯದರ ಅಂತರ ಲಸಿಕೆಯ ಬ್ರ್ಯಾಂಡಿನ ಮೇಲೆ ನಿಂತಿದೆ, ವೈದ್ಯರೇ ಹೇಳುತ್ತಾರೆ. ವಾರವಾರ ಕಾಡಿಗೆ ಹೋಗುವವರು ಚಳಿಗಾಲದಲ್ಲೇ ಶುರು ಮಾಡಿದರೆ ವಸಂತದ ಹೊತ್ತಿಗೆ ಎರಡು ಡೋಸ್ ಆಗಿರುತ್ತದೆ.

ಇನ್ನೊಂದು ಲೈಮ್ ಕಾಯಿಲೆ. ಅಲ್ಲಿನವರು ಬೊರೆಲ್ಯೋಜಾ ಎನ್ನುತ್ತಾರೆ. ಇದಕ್ಕೆ ಕಾರಣ ಬ್ಯಾಕ್ಟೀರಿಯಾ, ಲಸಿಕೆಯಿಂದ ಇದು ತಪ್ಪುವುದಿಲ್ಲ. ಎರಡರ ವ್ಯತ್ಯಾಸ ತಿಳಿದಿರಬೇಕು: ಮಿದುಳು ಜ್ವರದ ವೈರಸ್ ಉಣುಗು ಕಚ್ಚಿದ ಕೆಲವೇ ನಿಮಿಷಗಳಲ್ಲಿ ದಾಟಬಲ್ಲದು, ಅದಕ್ಕೇ ಲಸಿಕೆ ಬೇಕು. ಲೈಮ್ ದಾಟಲು ಸಾಮಾನ್ಯವಾಗಿ ಉಣುಗು ಬಹಳ ಗಂಟೆ ಕಚ್ಚಿಕೊಂಡಿರಬೇಕು, ಅದಕ್ಕೇ ಅದೇ ಸಂಜೆ ಮೈ ನೋಡಿಕೊಳ್ಳಬೇಕು. ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಹೊಕ್ಕಳು, ಕಿವಿಯ ಹಿಂದೆ, ಕೂದಲಂಚು. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಕಣ್ಣಿಗೆ ಮಚ್ಚೆಯಂತೆ ಕಾಣುವುದನ್ನು ಬೆರಳಿಂದ ಸವರಿ ನೋಡಬೇಕು.

ಸಿಕ್ಕರೆ ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ಒಂದೇ ಸಮನೆ ನೇರ ಎಳೆಯಬೇಕು. ಹೊಟ್ಟೆಯ ಭಾಗ ಹಿಸುಕಬಾರದು. ಎಣ್ಣೆ, ಬೆಣ್ಣೆ, ಸುಣ್ಣ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಖಂಡಿತ ಬೇಡ. ಇಂಥದಕ್ಕೆಲ್ಲ ಉಣುಗು ಒಳಗಿನದನ್ನು ಗಾಯಕ್ಕೇ ಕಕ್ಕಬಹುದು. ತೆಗೆದ ಮೇಲೆ ಜಾಗ ತೊಳೆದು, ತಾರೀಖು ಬರೆದಿಟ್ಟುಕೊಳ್ಳಲಿ. ಮೂರರಿಂದ 30 ದಿನದೊಳಗೆ ಅಲ್ಲಿ ಕೆಂಪು ವೃತ್ತ ಹರಡುತ್ತಾ ಹೋದರೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಕಾಡಿಗೆ ಹೊರಡುವಾಗ ಉದ್ದ ಪ್ಯಾಂಟು, ಅದರ ಅಂಚು ಕಾಲುಚೀಲದೊಳಗೆ. ಉಣುಗನ್ನು ದೂರವಿಡುವ, ಶೇಕಡಾ 20ರ ಇಕಾರಿಡಿನ್ ಇರುವ ಮುಲಾಮು ಅಥವಾ ಸ್ಪ್ರೇ. ಹಳ್ಳಿಗಳಲ್ಲಿ ಕಾಯಿಸದ ಹಾಲು ಕುಡಿಯುವುದು ಬೇಡವೆಂದೂ ಹೇಳಿ. ಆ ವೈರಸ್ ಹಾಲಿನ ಮೂಲಕವೂ ಬರುತ್ತದೆ.

ಅಣಬೆ, ಬ್ಲೂಬೆರಿ ಕೀಳಬಹುದೇ?

ರಾಷ್ಟ್ರೀಯ ಉದ್ಯಾನದಲ್ಲೂ ರಕ್ಷಿತ ವನಗಳಲ್ಲೂ ಇಲ್ಲ. ಹೊರಗಿನ ಸರ್ಕಾರಿ ಕಾಡುಗಳಲ್ಲಿ ಸ್ವಂತಕ್ಕೆ ಕೀಳಬಹುದು. ಆದರೆ ಅಲ್ಲಿ ಹುಟ್ಟಿ ಬೆಳೆದ, ಅಣಬೆ ಬಲ್ಲ ಯಾರೂ ಜೊತೆಗಿಲ್ಲದೆ ಅಣಬೆ ಮುಟ್ಟಬೇಡಿ. ನಮ್ಮ ಕಡೆಯ ಅಣಬೆಯ ಹೋಲಿಕೆ ಅಲ್ಲಿ ಜೀವಕ್ಕೇ ಎರವಾಗಬಹುದು.

ತಾನೆಫ್ ನದಿಯ ಜಲಪಾತಗಳು ನೋಡಲು ಯೋಗ್ಯವೇ?

ಜೋಗ ನೋಡಿದ ಕಣ್ಣಿನಿಂದ 'ಜಲಪಾತ' ಎಂದುಕೊಂಡು ಹೋಗಬೇಡಿ. ಸುಶೆತ್ಸ್ ಬಳಿ ತಾನೆಫ್ ನದಿ 24 ಪುಟ್ಟ ಬಂಡೆಮೆಟ್ಟಿಲುಗಳನ್ನು ಇಳಿಯುತ್ತದೆ, ಒಂದೊಂದೂ ಮಂಡಿಯೆತ್ತರದ ಆಸುಪಾಸು. ಭೂಮಿಯ ಪದರ ಬಿರುಕುಬಿಟ್ಟು ಮೇಲೆ ಕೆಳಗಾದ ಗಡಿಯನ್ನು ನದಿ ದಾಟುವ ಜಾಗವದು. ಅಲ್ಲಿನವರು ಜಲಪಾತ ಎನ್ನುವುದೂ ಇಲ್ಲ; ಶೂಮಿ ಎನ್ನುತ್ತಾರೆ, ಅಂದರೆ ನೀರಿನ ಮೊರೆತ. ಕಣ್ಣಿಗಿಂತ ಕಿವಿಗೇ ಅದರ ಸೊಗಸು. ಬೆಳಗ್ಗೆ ಜನ ಬರುವ ಮುಂಚೆ ಹೋದರೆ ಮಾತ್ರ ಆ ಸದ್ದು ಪೂರಾ ಸಿಗುತ್ತದೆ.

ಸಸ್ಯಾಹಾರಿಗಳು. ಬುತ್ತಿಗೆ ಏನು ಸಿಗುತ್ತದೆ?

ತ್ಸೆಬುಲಾಶ್ ಕೊಳ್ಳಿ. ಲುಬ್ಲಿನ್ ಸೀಮೆಯ ಈರುಳ್ಳಿ ರೊಟ್ಟಿ ಅದು, ಮೇಲೆ ಗಸಗಸೆ. ಹೋಟೆಲಿನಲ್ಲಿ ಕೂತರೆ ಆಲೂಗಡ್ಡೆ, ಗಿಣ್ಣು ತುಂಬಿದ 'ಪಿಯೆರೋಗಿ ರುಸ್ಕಿಯೆ' ಸಿಗುತ್ತದೆ. ಒಳಗಿನ ಹೂರಣ ಸಸ್ಯಾಹಾರವೇ, ಆದರೆ ಮೇಲೆ ಹುರಿದ ಹಂದಿಕೊಬ್ಬಿನ ಚೂರು ಉದುರಿಸುವ ರೂಢಿಯಿದೆ. 'ಬೆಸ್ ಸ್ಕ್ಫಾರೆಕ್' ಎಂದು ಮೊದಲೇ ಹೇಳಿ, ಚೂರು ಬೇಡ ಎಂದರ್ಥ. ಅಷ್ಟಕ್ಕೇ ಬಿಡಬೇಡಿ, ಈರುಳ್ಳಿಯನ್ನು 'ಸ್ಮಾಲೆತ್ಸ್' ಅಂದರೆ ಹಂದಿಕೊಬ್ಬಿನಲ್ಲಿ ಹುರಿದಿದ್ದಾರೋ ಎಣ್ಣೆಯಲ್ಲೋ ಎಂದೂ ಕೇಳಿ.

ಯಾವ ತಿಂಗಳು ಒಳ್ಳೆಯದು?

ಬೀಚ್ ಚಿಗುರಿಗೆ ಮೇ ಮೊದಲ ವಾರಗಳು, ಬಣ್ಣಕ್ಕೆ ಅಕ್ಟೋಬರ್ ನಡುಭಾಗ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಹನ್ನೊಂದರೊಳಗೆ ನಡಿಗೆ ಶುರುವಾಗಿರಬೇಕು. ಬೇಸಿಗೆಯಲ್ಲಿ ಮಳೆ ಕೈಕೊಟ್ಟರೆ ಸುತ್ತಲಿನ ಸರ್ಕಾರಿ ಕಾಡುಗಳಿಗೆ ಪ್ರವೇಶ ನಿಲ್ಲಿಸುತ್ತಾರೆ: ಬೆಳಗ್ಗೆ ಒಂಬತ್ತಕ್ಕೆ ಅಳೆದ ತರಗೆಲೆಯ ತೇವ ಐದು ದಿನ ಸತತವಾಗಿ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ನಿಷೇಧ ಹಾಕಲೇಬೇಕೆಂಬ ನಿಯಮವಿದೆ. ಜೋರು ಗಾಳಿಯ ದಿನ ಬುಕೋವಾ ಗೂರಾ ಬೇಡ. ಸತ್ತ ಮರಗಳನ್ನು ಹುಳು, ಹಕ್ಕಿ, ಶಿಲೀಂಧ್ರಗಳಿಗಾಗಿ ನಿಂತಲ್ಲೇ ಬಿಟ್ಟಿರುತ್ತಾರೆ. ಅವುಗಳ ಒಣಕೊಂಬೆ ಸದ್ದಿಲ್ಲದೆ ಮುರಿದು ಬೀಳುತ್ತದೆ. ಅಂಥ ದಿನ ಎಹೋ ಕೊಳದ ಬಯಲು ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿ, ಬೆಟ್ಟವನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ.