ಕಂಪ್ರೆಸರ್ ಬ್ರಾಕೆಟ್ ಯಾಕೆ ಸೀಳುತ್ತದೆ?

ಪ್ರಶ್ನೆ: ಜೀಪಿನ ಬಾನೆಟ್ ಒಳಗೆ 12 ವೋಲ್ಟ್ ಏರ್ ಕಂಪ್ರೆಸರ್ ಕೂರಿಸಿದ್ದೇನೆ. 2 ಎಂಎಂ ತಗಡಿನ ಬ್ರಾಕೆಟ್ ಮಡಿಕೆಯಲ್ಲೇ ಸೀಳಿದೆ. ವೆಲ್ಡ್ ಹಾಕಿಸಿದರೆ ಸಾಕೇ? (ಓದುಗರು, ಗದಗ)

ಉತ್ತರ: ಸಾಲದು, ವೆಲ್ಡಿನ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಅಷ್ಟು ಭಾರ ಒಂದೇ ಬದಿಗೆ ಜೋತುಬಿದ್ದು ನಡುಗಿದರೆ ಪೆಟ್ಟೆಲ್ಲ ಮಡಿಕೆಗೇ. 4 ಎಂಎಂ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್ ತನ್ನಿ, ಮಡಿಕೆ ದುಂಡಗಿರಲಿ, ಒಳಮೂಲೆಗೆ ತ್ರಿಕೋನದ ತುಂಡು ಬೆಸೆಸಿ. ಹುಬ್ಬಳ್ಳಿ ಗೋಕುಲ ರೋಡಿನ ವರ್ಕ್‌ಶಾಪ್‌ಗಳಿಗೆ ಇದೇನು ದೊಡ್ಡ ಕೆಲಸವಲ್ಲ. ಬ್ರಾಕೆಟ್ಟಿನ ಒಂದು ಕಾಲನ್ನು ಜೀಪಿನ ಬಾಡಿ ತಗಡಿಗೆ, ಇನ್ನೊಂದನ್ನು ಇಂಜಿನ್ನಿಗೆ ಕಟ್ಟಲೇಬೇಡಿ: ಎರಡರ ಅಲುಗಾಟವೇ ಬೇರೆ. 8 ಎಂಎಂ ಬೋಲ್ಟಿಗೆ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್), ತಗಡಿನ ಹಿಂದೆ ಅಗಲ ವಾಷರ್. ಕಂಪ್ರೆಸರ್ ಬಿಸಿ ಎಕ್ಸಾಸ್ಟ್ ಪೈಪಿನ ಬದಿಗೆ ಬೇಡ.

ಕಂಪ್ರೆಸರಿನಿಂದ ಹೊರಬರುವ ಗಾಳಿ ಸುಡುತ್ತದೆ. ಮೊದಲ ಒಂದಡಿ ಸ್ಟೀಲ್ ಜಾಲರಿಯ ಹೋಸೇ ಇರಲಿ. ಅರ್ಥ್ ವೈರ್ ನೇರ ಬ್ಯಾಟರಿಗೆ ಎಳೆಯಿರಿ, ಪೇಂಟ್ ಬಳಿದ ಬ್ರಾಕೆಟ್ ನಂಬಬೇಡಿ. ನಿಮ್ಮ ಕಡೆಯ ಎರೆಮಣ್ಣಿನ ಧೂಳಿಗೆ ಕಂಪ್ರೆಸರಿನ ಏರ್ ಫಿಲ್ಟರ್ ಆದಷ್ಟು ಮೇಲಿದ್ದರೆ ಒಳ್ಳೆಯದು.