ಅಣ್ಣನ ಜೊತೆ ಮಾತಿಲ್ಲ, ಪ್ರಾರ್ಥನೆಯೂ ಬರುತ್ತಿಲ್ಲ

ಪ್ರಶ್ನೆ: ಅಕ್ಕಾರೇ, ಮನೆ ಪಾಲಿನ ಜಗಳದಲ್ಲಿ ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷ ಆಯ್ತು. ಚರ್ಚಿಗೆ ಹೋಗುತ್ತೇನೆ, ಪ್ರಾರ್ಥನೆ ಬಾಯಿಗೆ ಬರೋದಿಲ್ಲ. ನನ್ನ ನಂಬಿಕೆ ಕಡಿಮೆ ಆಯ್ತಾ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ ತಂಗಿ. ನಂಬಿಕೆ ಇರೋದಕ್ಕೇ ಇದು ಚುಚ್ಚುತ್ತಿದೆ. ಬೈಬಲಿನ ಮತ್ತಾಯ ಪುಸ್ತಕದ 5ನೇ ಅಧ್ಯಾಯದ 23, 24ನೇ ವಚನ ಓದು. ಸಹೋದರನಿಗೆ ನಿನ್ನ ಮೇಲೆ ಬೇಸರವಿದ್ದರೆ ದೇವರಿಗೆ ತಂದ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತಾರೆ ಯೇಸುಸ್ವಾಮಿ. ತಪ್ಪು ಯಾರದು ಅಂತ ಅಲ್ಲಿ ಕೇಳಿಲ್ಲ, ನೋಡು.

ನಾನು ಗದಗಿನ ಬೆಟಗೇರಿಯವಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1841ರಲ್ಲೇ ಬಂದ ಊರು. ನಮ್ಮ ಮನೆಯಲ್ಲೂ ಅಜ್ಜಿ ಕಾಲದಿಂದ ಬೈಬಲ್ ಇದೆ. ಆದರೂ ಅಪ್ಪನ ಎರಡು ಕೈಮಗ್ಗಕ್ಕಾಗಿ ಅಣ್ಣ, ನಾನು ಮುಖ ತಿರುಗಿಸಿದ್ವಿ. ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನದ ಒಂದು ಭಾನುವಾರ ಇದೇ ವಚನ ಓದಿದರು. ನನಗೆ ಕೂರೋಕೆ ಆಗಲಿಲ್ಲ, ಎದ್ದು ಬಂದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಅವನ ಮನೆಗೆ ಹೋದೆ. ಅಣ್ಣ ಮಾತಾಡಲಿಲ್ಲ. ವೈನಿ ಚಹಾ ಕೊಟ್ಟರು, ಕುಡಿದು ಬಂದೆ. ಮೂರನೇ ಸಲ ಹೋದಾಗ ‘ಉಂಡು ಹೋಗವ್ವ’ ಅಂದ. ಅವತ್ತು ರಾತ್ರಿ ತುಂಬಾ ಹೊತ್ತು ಪ್ರಾರ್ಥನೆ ಮಾಡಿದೆ.

ಹಕ್ಕು ಬಿಡು ಅಂತ ನಾನು ಹೇಳೋದಿಲ್ಲ. ಪಾಲಿನ ಲೆಕ್ಕ ಹಿರಿಯರ ಮುಂದೆ ಆಗಲಿ. ಮೊದಲ ಸಲ ಮಾತ್ರ ಆ ಮಾತು ಎತ್ತಬೇಡ. ಸುಮ್ನೆ ಹೋಗಿ ಬಾ.